ಕದ್ದ ಗಾಡಿ ಗುದ್ದಿದರೆ ಪರಿಹಾರ ಕೊಡುವವರು ಯಾರು?

ಈ ತಿಂಗಳು ಒಂದೇ ವಾರದಲ್ಲಿ ಎರಡು ಪತ್ರ ಬಂದವು. ಒಂದು, ಗಾಡಿ ಕಳೆದುಕೊಂಡವರದ್ದು. ಇನ್ನೊಂದು, ಕದ್ದ ಗಾಡಿ ಗುದ್ದಿ ಮನೆಯ ದುಡಿಯುವ ಕೈ ಮಲಗಿಬಿಟ್ಟವರದ್ದು. ಊರು ಬೇರೆ, ಅಪಘಾತ ಬೇರೆ. ಆದರೆ ಎರಡರಲ್ಲೂ ಇರುವುದು ಒಂದೇ ಹೆದರಿಕೆ. ಹಾಗಾಗಿ ಪಹಣಿ, ಪಾಲುಪಟ್ಟಿಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಇದನ್ನೇ ಬರೆಯುತ್ತಿದ್ದೇನೆ. ತೀರ್ಥಹಳ್ಳಿಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಎಂವಿಸಿ, ಅಂದರೆ ಗಾಡಿ ಅಪಘಾತದ ಪರಿಹಾರದ ಕೇಸು ನಡೆಸುತ್ತಿದ್ದೇನೆ. ಈ ವಿಷಯದಲ್ಲಿ ಜನ ಸುಮ್ನೆ ಹೆದರಿ ತಪ್ಪು ಹೆಜ್ಜೆ ಇಡುವುದನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ ಮತ್ತು ಒಂದು ಹಳೆಯ ಮಾರುತಿ ಓಮ್ನಿ ಇದೆ. ಅಡಿಕೆ ಸುಲಿಯುವ ಕಾಲವಾದ್ದರಿಂದ ರಾತ್ರಿ ಹನ್ನೊಂದರವರೆಗೆ ಕೆಲಸ ಮಾಡಿ ಮಲಗಿದ್ದೆವು. ಗಾಡಿಯ ಕೀ ಯಾವಾಗಲೂ ಜಗಲಿಯ ಮೊಳೆಯಲ್ಲಿ ಇರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದರೆ ಅಂಗಳದಲ್ಲಿ ಗಾಡಿ ಇಲ್ಲ. ಅಕ್ಕಪಕ್ಕದವರು ಯಾರಾದರೂ ಆಸ್ಪತ್ರೆಗೆಂದು ಒಯ್ದರೋ ಏನೋ ಎಂದು ಎಲ್ಲರಿಗೂ ಫೋನ್ ಮಾಡಿದೆ. ಊರಿನ ವಾಟ್ಸಾಪ್ ಗುಂಪಿನಲ್ಲೂ ಕೇಳಿದೆ. ಒಂಬತ್ತು ಗಂಟೆಗೆ ಸುದ್ದಿ ಬಂತು. ರಿಪ್ಪನ್‌ಪೇಟೆ ಕಡೆ ರಸ್ತೆಯಲ್ಲಿ ಬೆಳಗಿನ ಜಾವ ನಮ್ಮ ಓಮ್ನಿ ಒಂದು ಬೈಕಿಗೆ ಗುದ್ದಿ, ಗೂಡಂಗಡಿಗೆ ನುಗ್ಗಿ ನಿಂತಿತ್ತು. ಓಡಿಸಿದವನು ಪರಾರಿ. ಬೈಕಿನವರ ಕಾಲು ಮುರಿದು ಶಿವಮೊಗ್ಗದಲ್ಲಿ ಆಪರೇಷನ್ ಆಗಿದೆ. ನಾನು ಕಳ್ಳತನದ ದೂರು ಕೊಟ್ಟಾಗ ಹನ್ನೊಂದು ಗಂಟೆ. ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದೆ, ಇನ್ನೂ ನಾಲ್ಕು ತಿಂಗಳು ಅವಧಿ ಇದೆ. ಏಜೆಂಟರು ‘ಕದ್ದ ಗಾಡಿಗೆ ಕಂಪನಿ ಕೊಡೋದಿಲ್ಲ’ ಎನ್ನುತ್ತಾರೆ. ಊರವರು ‘ಆರ್‌ಸಿ ನಿನ್ನ ಹೆಸರಲ್ಲಿದೆ, ತೋಟ ಮಾರಿ ಕೊಡಬೇಕಾಗುತ್ತೆ’ ಎನ್ನುತ್ತಾರೆ. ನೆಂಟರೊಬ್ಬರು, ಲೈಸೆನ್ಸ್ ಇರುವ ಒಬ್ಬ ಹುಡುಗನನ್ನು ‘ಇವನೇ ಓಡಿಸುತ್ತಿದ್ದ’ ಎಂದು ಠಾಣೆಗೆ ಕರೆದುಕೊಂಡು ಹೋದರೆ ಎಲ್ಲ ಸಲೀಸು ಎಂದರು. ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ತೋಟ ಮಾರುವ ಮಾತು ಮೊದಲು ಮನಸ್ಸಿನಿಂದ ತೆಗೆಯಿರಿ. ಅಪಘಾತವಾದ ದಿನ ಪಾಲಿಸಿ ಚಾಲ್ತಿಯಲ್ಲಿತ್ತು ಅಂದಮೇಲೆ ಆ ಬೈಕಿನವರಿಗೆ ಪರಿಹಾರದ ಹಣ ಕಟ್ಟಬೇಕಾದದ್ದು ಇನ್ಶೂರೆನ್ಸ್ ಕಂಪನಿ. ಗಾಡಿ ಕಳುವಾಗಿತ್ತು ಎಂಬ ಒಂದೇ ಕಾರಣಕ್ಕೆ ಕಂಪನಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಇದು ನನ್ನ ಸಮಾಧಾನದ ಮಾತಲ್ಲ, ಸುಪ್ರೀಂ ಕೋರ್ಟ್ ಹೇಳಿದ ಮಾತು.

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಈ ವಿಮೆ ಯಾರಿಗಾಗಿ ಎಂದು ಕೇಳಿಕೊಳ್ಳಿ. ನಿಮಗಾಗಿ ಅಲ್ಲ, ನಿಮ್ಮ ಗಾಡಿಗಾಗಿಯೂ ಅಲ್ಲ. ರಸ್ತೆಯಲ್ಲಿ ತಮ್ಮ ಪಾಡಿಗೆ ಹೋಗುತ್ತಿರುವ ಮೂರನೆಯವರಿಗಾಗಿ. ಆ ಮನುಷ್ಯನಿಗೆ ಗುದ್ದುವ ಗಾಡಿಯನ್ನು ಮಾಲೀಕ ಓಡಿಸುತ್ತಿದ್ದಾನೋ ಕಳ್ಳ ಓಡಿಸುತ್ತಿದ್ದಾನೋ ಎಂದು ನೋಡಿಕೊಂಡು ದಾರಿ ಬಿಡುವ ಅವಕಾಶವೇ ಇರುವುದಿಲ್ಲ, ಅಲ್ವಾ? ಯಾರೇ ಓಡಿಸಿದರೂ ಮುರಿಯುವುದು ಅವನ ಕಾಲೇ.

2003ರಲ್ಲಿ ಸುಪ್ರೀಂ ಕೋರ್ಟ್ ಲೆಹ್ರು ಪ್ರಕರಣದಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ಹೇಳಿತು. ಆ ಕೇಸು ಕಳ್ಳತನದ್ದಲ್ಲ, ಚಾಲಕನ ನಕಲಿ ಲೈಸೆನ್ಸಿನದ್ದು. ಆದರೆ ವಿಷಯ ಬಿಡಿಸಿ ಹೇಳುವಾಗ ನ್ಯಾಯಾಲಯವೇ ಕದ್ದ ಗಾಡಿಯ ಉದಾಹರಣೆ ಎತ್ತಿಕೊಂಡಿತು. ಕಳ್ಳ ಗಾಡಿ ಓಡಿಸುವಾಗ ಅಪಘಾತ ಆಯಿತು, ಆಮೇಲೆ ನೋಡಿದರೆ ಅವನಿಗೆ ಲೈಸೆನ್ಸೇ ಇಲ್ಲ. ಆಗ ಕಂಪನಿ ಜವಾಬ್ದಾರಿ ಇಲ್ಲ ಎನ್ನಬಹುದೇ? ಖಂಡಿತ ಇಲ್ಲ, ಹಾಗೆ ಬಿಟ್ಟರೆ ಕಡ್ಡಾಯ ವಿಮೆ ಮಾಡಿದ ಉದ್ದೇಶವೇ ಹಾಳಾಗುತ್ತದೆ ಎಂಬುದು ನ್ಯಾಯಾಲಯದ ಉತ್ತರ. ನಿಮ್ಮ ಏಜೆಂಟರಿಗೆ ಇದನ್ನು ತೋರಿಸಿ. ಪಾಲಿಸಿಯ ಷರತ್ತನ್ನು ಮುರಿದವರು ನೀವಾಗಿರಬೇಕು, ಆಗ ಮಾತ್ರ ಕಂಪನಿ ನಿಮ್ಮ ಕಡೆ ಬೆರಳು ತೋರಿಸಬಹುದು. ಗಾಡಿ ಕೊಡಿ ಎಂದು ಕೇಳಿ ಒಯ್ಯುವವನು ಕಳ್ಳನೇ ಅಲ್ಲ. ನೀವು ಅವನಿಗೆ ಗಾಡಿ ಕೊಟ್ಟಿಲ್ಲ, ಅವನ ಲೈಸೆನ್ಸ್ ನೋಡುವ ಪ್ರಶ್ನೆಯೂ ಬರುವುದಿಲ್ಲ. ಪೆಟ್ಟು ಬಿದ್ದವರಿಗೆ ಕಂಪನಿ ಹಣ ಕಟ್ಟಬೇಕು ಎನ್ನುವ, ಕಾಯ್ದೆಯಲ್ಲಿ ಹಿಂದೆ 149ನೇ ಸೆಕ್ಷನ್ ಎನ್ನುತ್ತಿದ್ದುದು 2022ರ ಏಪ್ರಿಲ್ 1ರಿಂದ 150 ಆಗಿದೆ. ನಂಬರು ಬದಲಾದರೂ ಈ ತಿರುಳು ಉಳಿದಿದೆ.

ಜಗಲಿಯ ಮೊಳೆಯ ವಿಚಾರ. ಮಲೆನಾಡಿನ ಅರ್ಧ ಮನೆಗಳಲ್ಲಿ ಗಾಡಿಯ ಕೀ ಇರುವುದೇ ಅಲ್ಲಿ. ಅದು ಒಳ್ಳೆಯ ಅಭ್ಯಾಸ ಎಂದು ನಾನು ಹೇಳುವುದಿಲ್ಲ, ಇವತ್ತೇ ಒಳಗಿನ ಕೋಣೆಗೆ ತೆಗೆದಿಡಿ. ಆದರೆ ಸ್ವಂತ ಮನೆಯ ಜಗಲಿಯಲ್ಲಿ ಕೀ ಇಟ್ಟಿದ್ದು ಬೇರೆ, ಸಂತೆಯ ದಿನ ರಸ್ತೆಯ ಮೇಲೆ ಎಂಜಿನ್ ಆನ್ ಇಟ್ಟು ಟೀ ಕುಡಿಯಲು ಹೋಗುವುದು ಬೇರೆ. ಎರಡನೆಯದನ್ನು ಕಾಯ್ದೆಯ 126ನೇ ಸೆಕ್ಷನ್ ನೇರವಾಗಿ ಬೇಡ ಎನ್ನುತ್ತದೆ: ಸಾರ್ವಜನಿಕ ಜಾಗದಲ್ಲಿ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಅಂಥ ಅಜಾಗರೂಕತೆ ಇದ್ದ ಕೇಸಿನಲ್ಲೂ ಪೆಟ್ಟು ಬಿದ್ದವರನ್ನು ನ್ಯಾಯಾಲಯ ಕೈಬಿಟ್ಟಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಗುಜರಾತಿನ ಒಂದು ಪ್ರಕರಣ ಬಂದಿತ್ತು. ಲಾರಿ ಚಾಲಕ ಎಂಜಿನ್ ನಿಲ್ಲಿಸದೆ ಕ್ಲೀನರ್ ಕೈಗೆ ಬಿಟ್ಟು ತಿಂಡಿ ತರಲು ಇಳಿದ. ಲೈಸೆನ್ಸ್ ಇಲ್ಲದ ಕ್ಲೀನರ್ ಗಾಡಿ ಓಡಿಸಿ ಜೀವ ಹೋಯಿತು. ಆಗಲೂ ಕಂಪನಿಯೇ ಹಣ ಕಟ್ಟಬೇಕಾಯಿತು. ಏಕೆಂದರೆ ಷರತ್ತು ಮುರಿದದ್ದು ಮಾಲೀಕನಲ್ಲ.

ಈಗ ನಿಮ್ಮ ನೆಂಟರ ಸಲಹೆ. ಇದಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ದಯವಿಟ್ಟು, ದಯವಿಟ್ಟು ಆ ಹುಡುಗನನ್ನು ಠಾಣೆಗೆ ಕರೆದುಕೊಂಡು ಹೋಗಬೇಡಿ. ನಮ್ಮ ಕಡೆ ಇದು ಎಷ್ಟು ಮಾಮೂಲಾಗಿದೆ ಎಂದರೆ ಅದೊಂದು ಅಪರಾಧ ಎಂದೇ ಜನಕ್ಕೆ ಅನ್ನಿಸುವುದಿಲ್ಲ. ನೀವು ಹಾಗೆ ಮಾಡಿದ ಕ್ಷಣದಲ್ಲಿ ಏನಾಗುತ್ತದೆ ನೋಡಿ. ಕಳ್ಳತನದ ನಿಮ್ಮ ದೂರು ಸುಳ್ಳಾಗುತ್ತದೆ. ನಿಜವಾದ ಕಳ್ಳನನ್ನು ಹುಡುಕುವ ಕೆಲಸ ನಿಲ್ಲುತ್ತದೆ. ಅಡ್ಡಾದಿಡ್ಡಿ ಓಡಿಸಿ ಗಾಯ ಮಾಡಿದ ಕ್ರಿಮಿನಲ್ ಕೇಸು ಏನೂ ಅರಿಯದ ಆ ಹುಡುಗನ ತಲೆ ಮೇಲೆ ಬೀಳುತ್ತದೆ. ಮುಂದೆ ಅವನ ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಅದೇ ಅಡ್ಡ. ನಿಮ್ಮ ಆಳಾಗಿ ಅವನು ಓಡಿಸಿದ ಎಂದ ಮೇಲೆ ಅವನ ತಪ್ಪಿಗೆ ನೀವು ಜವಾಬ್ದಾರರಾಗುತ್ತೀರಿ. ಅಲ್ಲಿಯವರೆಗೆ ನಿಮ್ಮ ತಪ್ಪೇ ಇರಲಿಲ್ಲ! ಕಂಪನಿಯ ತನಿಖೆಯವರಿಗೆ ಮೊಬೈಲ್ ಟವರ್ ಲೆಕ್ಕದಿಂದ ಆ ಹುಡುಗ ಆ ಹೊತ್ತಿಗೆ ಎಲ್ಲಿದ್ದ ಎಂದು ಗೊತ್ತಾದರೆ ಇಡೀ ಕೇಸೇ ಮೋಸದ್ದು ಎಂದು ವಾದ ಮಾಡುತ್ತಾರೆ. ಆಗ ಕಾಲು ಮುರಿದುಕೊಂಡ ಆ ಮನುಷ್ಯನ ಪರಿಹಾರಕ್ಕೂ ಕಲ್ಲು ಬೀಳುತ್ತದೆ. ಒಂದು ಸುಳ್ಳಿನಿಂದ ಮೂರು ಮನೆ ಕೆಡುತ್ತವೆ.

ನಿಮಗೆ ನಿಜವಾದ ಕಷ್ಟ ಇರುವುದು ಬೇರೆ ಕಡೆ. ಅಪಘಾತ ಬೆಳಗಿನ ಜಾವ, ದೂರು ಹನ್ನೊಂದಕ್ಕೆ. ‘ಅಪಘಾತ ಮಾಡಿಕೊಂಡ ಮೇಲೆ ಕಳ್ಳತನದ ಕಥೆ ಕಟ್ಟಿದ್ದಾರೆ’ ಎಂದು ಕಂಪನಿಯ ವಕೀಲರು ಹೇಳಿಯೇ ಹೇಳುತ್ತಾರೆ. ನಾನು ಅವರ ಜಾಗದಲ್ಲಿದ್ದರೂ ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ. ಹಾಗಾಗಿ ಆ ಬೆಳಗಿನ ಐದೂವರೆಯಿಂದ ಹನ್ನೊಂದರವರೆಗಿನ ಹೊತ್ತಿಗೆ ನೀವು ಸಾಕ್ಷಿ ಕೂಡಿಡಬೇಕು. ಊರಿನ ಗುಂಪಿನಲ್ಲಿ ಗಾಡಿ ಕಂಡಿರಾ ಎಂದು ಕೇಳಿದ್ದೀರಲ್ಲ, ಆ ಸಂದೇಶ ನಿಮಗೆ ಬಂಗಾರ. ಅದರಲ್ಲಿ ಗಂಟೆ, ನಿಮಿಷ ಇರುತ್ತದೆ. ಅಪಘಾತದ ಸುದ್ದಿ ಬರುವ ಮೊದಲೇ ನೀವು ಗಾಡಿ ಹುಡುಕುತ್ತಿದ್ದಿರಿ ಎಂದು ಅದೇ ಹೇಳುತ್ತದೆ. ಆ ಫೋನನ್ನು ಬದಲಾಯಿಸಬೇಡಿ, ಸಂದೇಶ ಅಳಿಸಬೇಡಿ, ಗುಂಪಿನಲ್ಲಿ ತಾನಾಗಿ ಅಳಿಯುವ ವ್ಯವಸ್ಥೆ ಇದ್ದರೆ ಈಗಲೇ ಕಾಪಿ ತೆಗೆದಿಡಿ. ಕೋರ್ಟಿಗೆ ಹಾಜರು ಮಾಡುವಾಗ ಅದರ ಜೊತೆ ಒಂದು ಸರ್ಟಿಫಿಕೇಟ್ ಕೊಡಬೇಕಾಗುತ್ತದೆ, ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ನೀವು ಫೋನ್ ಮಾಡಿದ ನೆರೆಯವರ ಹೆಸರು, ಹೊತ್ತು ಬರೆದಿಡಿ. ಗೇಟಿನ ಅಗಳಿ ಮುರಿದಿತ್ತೇ, ಅಂಗಳದ ಕೆಸರಿನಲ್ಲಿ ಗುರುತು ಇತ್ತೇ, ನಾಯಿ ಬೊಗಳಿದ್ದನ್ನು ಯಾರಾದರೂ ಕೇಳಿದರೇ ಎಲ್ಲವನ್ನೂ ಮಹಜರಿನಲ್ಲಿ ಬರೆಸಿ. ರಸ್ತೆ ಬದಿಯ ಪೆಟ್ರೋಲ್ ಬಂಕಿನ ಸಿಸಿಟಿವಿ ಬಹಳ ದಿನ ಉಳಿಯುವುದಿಲ್ಲ. ಅದನ್ನು ತೆಗೆಸಿ ಎಂದು ಠಾಣೆಗೆ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ.

ಪೊಲೀಸರಿಂದ 133 ನೋಟಿಸ್ ಬರುತ್ತದೆ. ಆ ಹೊತ್ತಿಗೆ ಗಾಡಿ ಓಡಿಸುತ್ತಿದ್ದವರು ಯಾರು ಎಂದು ಮಾಲೀಕರನ್ನು ಕೇಳುವ ನೋಟಿಸ್ ಅದು. ಜನ ಹೆದರಿ ಸುಮ್ಮನಾಗುತ್ತಾರೆ, ಇಲ್ಲವೇ ಯಾರದೋ ಹೆಸರು ಬರೆಯುತ್ತಾರೆ. ನೀವು ಮೂರೇ ಸಾಲು ಬರೆಯಿರಿ. ಗಾಡಿ ರಾತ್ರಿ ಕಳುವಾಗಿತ್ತು. ಓಡಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ಎಫ್‌ಐಆರ್ ನಂಬರ್ ಇಷ್ಟು. ಕಂಪನಿಗೂ ಇವತ್ತೇ ಬರೆಯಿರಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮತ್ತು ಇಮೇಲಿನಲ್ಲಿ. ಏಜೆಂಟರಿಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಗೂಡಂಗಡಿಯವರ ನಷ್ಟವೂ ಇದೇ ಪಾಲಿಸಿಯಲ್ಲಿ ಬರುತ್ತದೆ. ಖಾಸಗಿ ಕಾರಿನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೇರೆಯವರ ಆಸ್ತಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಕೆಲವರು ಪ್ರೀಮಿಯಂ ಉಳಿಸಲು ಅದನ್ನು 6,000 ರೂಪಾಯಿಗೆ ಇಳಿಸಿಕೊಂಡಿರುತ್ತಾರೆ. ನಿಮ್ಮದರಲ್ಲಿ ಎಷ್ಟಿದೆ ನೋಡಿ. ಬೈಕಿನವರು ಪರಿಹಾರ ಕೇಳುವ ಮೋಟಾರು ಅಪಘಾತ ಟ್ರಿಬ್ಯೂನಲ್‌ನಲ್ಲೇ ಅಂಗಡಿಯವರೂ ಕೇಳಬಹುದು.

ನಿಮ್ಮ ಓಮ್ನಿ ಜಖಂ ಆಗಿದ್ದಕ್ಕೆ ಮಾತ್ರ ಈ ಪಾಲಿಸಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕೆ ಫುಲ್ ಇನ್ಶೂರೆನ್ಸ್ ಬೇಕಿತ್ತು. ಗಾಡಿಯನ್ನು ಬಿಡಿಸಿಕೊಳ್ಳಲು ತಡ ಮಾಡಬೇಡಿ. ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿದರೆ ಬಾಂಡ್ ಬರೆಸಿಕೊಂಡು ಕೊಡುತ್ತಾರೆ. ವಶಪಡಿಸಿಕೊಂಡ ಗಾಡಿಗಳನ್ನು ಠಾಣೆಯಲ್ಲಿ ಸುಮ್ಮನೆ ವರ್ಷಗಟ್ಟಲೆ ಇಡಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ನಮ್ಮ ಕಡೆಯ ಒಂದು ಮಳೆಗಾಲ ಬಯಲಲ್ಲಿ ನಿಂತರೆ ಗಾಡಿಯ ತಳವೇ ಉಳಿಯುವುದಿಲ್ಲ.

ಇನ್ನೊಂದು ಮಾತು, ಇದು ಕಾನೂನಲ್ಲ. ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಅಪ್ಪಯ್ಯನ ಜೀಪು ಯಕ್ಷಗಾನದ ಟೆಂಟಿನ ಹೊರಗಿನಿಂದ ಕಳುವಾಯಿತು. ಬೆಳಗಾಗುವಷ್ಟರಲ್ಲಿ ಆಗುಂಬೆ ರಸ್ತೆಯ ಚರಂಡಿಯಲ್ಲಿ ಸಿಕ್ಕಿತು. ಅದಕ್ಕೂ ಮೊದಲು, ಕಂಬಳಿ ಹೊದ್ದು ಕೆಲಸಕ್ಕೆ ಹೋಗುತ್ತಿದ್ದ ಒಬ್ಬರಿಗೆ ಗುದ್ದಿತ್ತು. ಸೊಂಟದ ಮೂಳೆ ಮುರಿದಿತ್ತು. ‘ಆಸ್ಪತ್ರೆ ಕಡೆ ತಲೆ ಹಾಕಬೇಡ, ಹೋದರೆ ತಪ್ಪು ಒಪ್ಪಿಕೊಂಡ ಹಾಗೆ’ ಎಂದು ಮಾವ ಅಪ್ಪಯ್ಯನನ್ನು ತಡೆದರು. ಅಪ್ಪಯ್ಯ ಕೇಳಲಿಲ್ಲ. ಪ್ರತಿ ಸೋಮವಾರ ಒಂದು ಗೊನೆ ಬಾಳೆಹಣ್ಣು ಹಿಡಿದು ಹೋಗಿ ಕೂತು ಬರುತ್ತಿದ್ದರು. ಅಮ್ಮ ವಿಮೆಯ ರಸೀದಿಯನ್ನು ಹಿಸ್ಸೆ ಪತ್ರಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಅದು ಆ ದಿನ ಚಾಲ್ತಿಯಲ್ಲಿತ್ತು. ಕೊನೆಗೆ ಕಂಪನಿಯೇ ಕಟ್ಟಿತು. ಆಸ್ಪತ್ರೆಗೆ ಹೋದದ್ದರಿಂದ ಅಪ್ಪಯ್ಯನ ಮೇಲೆ ಯಾವ ತಪ್ಪೂ ಬರಲಿಲ್ಲ. ನಾನು ಈ ಕೆಲಸಕ್ಕೆ ಬಂದದ್ದೇ ಆ ವರ್ಷ ಕೋರ್ಟಿನ ಬೆಂಚಿನ ಮೇಲೆ ಅಪ್ಪಯ್ಯನ ಪಕ್ಕ ಕೂತು. ಬೈಕಿನವರನ್ನು ನೀವೂ ಹೋಗಿ ನೋಡಿ. ಹಣದ ಮಾತು ಬೇಡ, ಯಾವ ಕಾಗದಕ್ಕೂ ಸಹಿ ಬೇಡ. ಪಾಲಿಸಿಯ ಒಂದು ಜೆರಾಕ್ಸ್ ಕೊಟ್ಟು ಬನ್ನಿ. ಅವರಿಗೆ ಈಗ ಜಾಸ್ತಿ ಬೇಕಾಗಿರುವುದು ಅದೇ.

ಪ್ರಶ್ನೆ: ಅಕ್ಕಾ, ನಮ್ಮ ಮನೆಯವರು ಕೊನೆಗಾರರು, ಅಡಿಕೆ ಮರ ಹತ್ತಿ ಗೊನೆ ಇಳಿಸುವವರು. ವಯಸ್ಸು 34. ಸಂಜೆ ಕೆಲಸ ಮುಗಿಸಿ ನಡೆದು ಬರುವಾಗ ಒಂದು ಕಾರು ಗುದ್ದಿತು. ಬಲಗಾಲಿಗೆ ರಾಡ್ ಹಾಕಿದ್ದಾರೆ. ಮಂಡಿ ಪೂರ್ತಿ ಮಡಚಲು ಬರುವುದಿಲ್ಲ. ಕಾರಿನ ನಂಬರು ಸಿಕ್ಕಿದೆ. ಮಾಲೀಕರು ಭದ್ರಾವತಿ ಕಡೆಯವರು. ‘ನಮ್ಮ ಕಾರು ಎರಡು ದಿನ ಮೊದಲೇ ಕಳುವಾಗಿತ್ತು, ದೂರು ಕೊಟ್ಟಿದ್ದೇವೆ, ನಮಗೂ ಇದಕ್ಕೂ ಸಂಬಂಧ ಇಲ್ಲ’ ಎಂದರು. ಕಳ್ಳ ಸಿಕ್ಕಿಲ್ಲ. ಹಾಗಾದರೆ ನಮಗೆ ಯಾರೂ ಇಲ್ಲವಾ? ಆಸ್ಪತ್ರೆಯಲ್ಲಿ ಒಬ್ಬರು ಬಂದು ಕೇಸು ಮಾಡಿಸಿಕೊಡ್ತೇವೆ, ಬಂದದ್ದರಲ್ಲಿ ಮೂವತ್ತು ಪರ್ಸೆಂಟ್ ಕೊಡಿ ಎಂದಿದ್ದಾರೆ. ಅಪಘಾತ ಆಗಿ ಮೂರು ತಿಂಗಳಾಯಿತು. (ತೀರ್ಥಹಳ್ಳಿ ತಾಲೂಕು)

ಉತ್ತರ: ತಂಗಿ, ನಿಮಗೆ ದಾರಿ ಇದೆ. ಮೊದಲು ದಿನದ ಲೆಕ್ಕ ಹೇಳುತ್ತೇನೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಅದನ್ನು ನಂಬಿ ಕೂರಬೇಡಿ. ನಿಮಗೆ ಇನ್ನು ಮೂರು ತಿಂಗಳಿದೆ ಅಂದುಕೊಂಡು ಈ ವಾರವೇ ಕೆಲಸ ಶುರು ಮಾಡಿ.

ಕಾರಿನ ಮಾಲೀಕರು ಹೇಳಿದ್ದು ಅವರ ಮಟ್ಟಿಗೆ ನಿಜವೇ ಇರಬಹುದು. ಎರಡು ದಿನ ಮೊದಲೇ ದೂರು ಕೊಟ್ಟಿದ್ದರೆ ಅವರು ಪ್ರಾಮಾಣಿಕರು. ಅವರ ಮೇಲೆ ಸಿಟ್ಟು ಬೇಡ. ನೀವು ನೋಡಬೇಕಾದದ್ದು ಆ ಕಾರಿಗೆ ಅಪಘಾತದ ದಿನ ವಿಮೆ ಇತ್ತೇ ಎಂದು. ಮೊಬೈಲಿನಲ್ಲಿ ಎಂಪರಿವಾಹನ್ ಆ್ಯಪ್ ಹಾಕಿಕೊಂಡು ನಂಬರು ಹೊಡೆದರೆ ವಿಮೆ ಎಲ್ಲಿಯವರೆಗೆ ಇದೆ ಎಂದು ತೋರಿಸುತ್ತದೆ. ಇದ್ದರೆ ಆ ಕಂಪನಿಯೇ ನಿಮಗೆ ಕೊಡಬೇಕು. ಮೇಲಿನ ಉತ್ತರದಲ್ಲಿ ಹೇಳಿದ 2003ರ ತೀರ್ಪು ನಿಮಗೂ ಅಷ್ಟೇ ಅನ್ವಯ. ಅರ್ಜಿಯಲ್ಲಿ ಮಾಲೀಕರನ್ನೂ ಕಂಪನಿಯನ್ನೂ ಸೇರಿಸಬೇಕು, ಮುಂದೆ ಕಳ್ಳ ಸಿಕ್ಕರೆ ಅವನನ್ನೂ. ಮಾಲೀಕರನ್ನು ಸೇರಿಸುವುದು ಅವರನ್ನು ದೂರಲು ಅಲ್ಲ, ಅವರಿಲ್ಲದೆ ಕಂಪನಿಯನ್ನು ಕೇಳಲು ಬರುವುದಿಲ್ಲ ಎಂದು. ಭದ್ರಾವತಿಗೆ ಅಲೆಯುವ ಅಗತ್ಯವೂ ಇಲ್ಲ. ನೀವು ವಾಸ ಇರುವ ಕಡೆಯ ಟ್ರಿಬ್ಯೂನಲ್‌ನಲ್ಲೇ ಹಾಕಬಹುದು.

ಎರಡು ದಾರಿ ಇವೆ. 164ನೇ ಸೆಕ್ಷನ್‌ನಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡುವ ತಲೆನೋವೇ ಇಲ್ಲ. ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ. 166ನೇ ಸೆಕ್ಷನ್‌ನಲ್ಲಿ ಓಡಿಸಿದವನ ತಪ್ಪು ತೋರಿಸಬೇಕು, ಆದರೆ ನಿಜವಾದ ನಷ್ಟ ಎಷ್ಟೋ ಅಷ್ಟು ಕೇಳಬಹುದು. ಎರಡನ್ನೂ ಪಡೆಯಲು ಆಗುವುದಿಲ್ಲ. ನಿಮಗೆ ನನ್ನ ಸಲಹೆ 166. ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೊನೆಗಾರರ ಕೇಸುಗಳಲ್ಲಿ ಇಲ್ಲೇ ಅನ್ಯಾಯ ಆಗುವುದನ್ನು ಕಂಡಿದ್ದೇನೆ.

ಡಾಕ್ಟರು ಸರ್ಟಿಫಿಕೇಟಿನಲ್ಲಿ ಕಾಲಿಗೆ ಇಷ್ಟು ಪರ್ಸೆಂಟ್ ಊನ ಎಂದು ಬರೆಯುತ್ತಾರೆ. ಇಡೀ ದೇಹಕ್ಕೆ ಲೆಕ್ಕ ಹಾಕುವಾಗ ಅದು ಇನ್ನೂ ಇಳಿಯುತ್ತದೆ. ಕಂಪನಿಯವರು ಆ ಸಣ್ಣ ಅಂಕಿಯನ್ನೇ ಹಿಡಿದುಕೊಳ್ಳುತ್ತಾರೆ. ಆದರೆ 2010ರಲ್ಲಿ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಬೇರೆ. ಡಾಕ್ಟರು ಬರೆದ ಪರ್ಸೆಂಟ್ ಒಂದು, ಅದರಿಂದ ಆ ಮನುಷ್ಯನ ದುಡಿಮೆ ಎಷ್ಟು ಹೋಯಿತು ಎಂಬುದು ಇನ್ನೊಂದು. ನೋಡಬೇಕಾದದ್ದು ಎರಡನೆಯದನ್ನು. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಮಂಡಿ ಮಡಚದಿದ್ದರೂ ಸಂಬಳ ನಿಲ್ಲುವುದಿಲ್ಲ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವವರಿಗೆ ಮಂಡಿ ಹೋದರೆ ಮರವೇ ಹೋಯಿತು. ಕೊನೆ ಕೊಯ್ಯಲು ಆಗದು. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲೂ ಆಗದು. ಇದನ್ನು ನಿಮ್ಮ ಮನೆಯವರು ಸಾಕ್ಷಿ ಹೇಳುವಾಗ ಬಿಡಿಬಿಡಿಯಾಗಿ ಹೇಳಬೇಕು. ಮರ ಹತ್ತುವುದು ಹೇಗೆ, ಕಾಲಿನ ಮೇಲೆ ಭಾರ ಹೇಗೆ ಬೀಳುತ್ತದೆ, ಒಂದು ಮರದಿಂದ ಇನ್ನೊಂದಕ್ಕೆ ದಾಟುವುದು ಹೇಗೆ. ಎಲ್ಲ ನ್ಯಾಯಾಧೀಶರೂ ಮಲೆನಾಡಿನವರಲ್ಲ. ಬಯಲುಸೀಮೆಯಿಂದ ಬಂದವರಿಗೆ ಕೊನೆಗಾರ ಎಂದರೆ ಬರೀ ಕೂಲಿ ಎಂದು ಕೇಳಿಸಬಹುದು. ಒಮ್ಮೆ ನಾನು ಕೊನೆ ಕೊಯ್ಯುವ ವಿಡಿಯೋವನ್ನೇ ಹಾಜರು ಮಾಡಿದ್ದೆ. ಅದನ್ನು ನೋಡಿದ ಮೇಲೆ ಯಾರೂ ಪರ್ಸೆಂಟ್ ಬಗ್ಗೆ ವಾದ ಮಾಡಲಿಲ್ಲ.

ದುಡಿಮೆಯ ಲೆಕ್ಕಕ್ಕೂ ಆಧಾರ ಬೇಕು. ಏನೂ ಇಲ್ಲದಿದ್ದರೆ ಲೋಕ ಅದಾಲತ್‌ಗೆಂದು ಮಾಡಿದ ಒಂದು ಪಟ್ಟಿಯ ಪ್ರಕಾರ ತಿಂಗಳಿಗೆ ಇಷ್ಟು ಎಂದು ಹಿಡಿಯುತ್ತಾರೆ. ಒಳ್ಳೆಯ ಕೊನೆಗಾರ ಕೊಯ್ಲಿನ ಕಾಲದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ದುಡಿಯುತ್ತಾನೆ. ತೋಟದ ಮಾಲೀಕರ ಲೆಕ್ಕದ ಪುಸ್ತಕದಲ್ಲಿ ಕೊನೆಯ ಲೆಕ್ಕ, ಕೊಟ್ಟ ಹಣ ಬರೆದಿರುತ್ತಾರೆ. ಫೋನ್‌ಪೇಯಲ್ಲಿ ಹಾಕಿದ್ದರೆ ಅದೂ ಇರುತ್ತದೆ. ಇಬ್ಬರು ಮಾಲೀಕರು ಕೋರ್ಟಿಗೆ ಬಂದು ಹೇಳಿದರೆ ಸಾಕು. ಅವರ ಮರ ಹತ್ತಿದವರಿಗೆ ಅಷ್ಟು ಮಾಡಲು ಹಿಂಜರಿಯಬಾರದು ಎಂದು ಈ ಅಂಕಣ ಓದುವ ತೋಟದವರಿಗೂ ಕೇಳಿಕೊಳ್ಳುತ್ತೇನೆ. ಲೆಕ್ಕ ಹೀಗೆ ನಡೆಯುತ್ತದೆ: ವರ್ಷದ ದುಡಿಮೆ, ಅದರಲ್ಲಿ ಹೋದ ಪಾಲು, ಅದನ್ನು ವಯಸ್ಸಿನ ಗುಣಕದಿಂದ ಗುಣಿಸುವುದು. 31ರಿಂದ 35 ವಯಸ್ಸಿಗೆ ಗುಣಕ 16. ಆಸ್ಪತ್ರೆ ಖರ್ಚು, ನೋವು, ಮಲಗಿದ್ದ ತಿಂಗಳುಗಳ ಕೂಲಿ, ಮುಂದೆ ರಾಡ್ ತೆಗೆಸುವ ಆಪರೇಷನ್ ಎಲ್ಲ ಬೇರೆ. 2.5 ಲಕ್ಷಕ್ಕೆ ಯಾಕೆ ಒಪ್ಪಬೇಡಿ ಎಂದೆ ಎಂದು ಈಗ ನಿಮಗೆ ಗೊತ್ತಾಗಿರಬೇಕು.

ಮೂವತ್ತು ಪರ್ಸೆಂಟ್ ಕೇಳಿದವರನ್ನು ಬಾಗಿಲಿಂದಲೇ ಕಳಿಸಿ. ಬಂದ ಹಣದಲ್ಲಿ ಪಾಲು ಎಂದು ಫೀಸು ಗೊತ್ತು ಮಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಗಾಯಾಳುವಿನ ಹಾಸಿಗೆ ಪಕ್ಕ ನಿಂತು ಹೀಗೆ ಕೇಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನೀವು ಕೋರ್ಟ್ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೂಲಿಕಾರ ಕುಟುಂಬ ಅಂದಮೇಲೆ ನಿಮ್ಮ ಮನೆಯವರ ಹೆಸರಿನ ಅರ್ಜಿಗೂ ಕೇಳಿ ನೋಡಿ. ಫೋನಿನಲ್ಲಿ ಕೇಳುವುದಾದರೆ 15100. ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಸ್ಪಾಟ್ ಮಹಜರು, ಐಎಂವಿ ರಿಪೋರ್ಟ್ (ಗಾಡಿಯ ತಪಾಸಣೆಯದ್ದು), ಡಿಸ್ಚಾರ್ಜ್ ಸಮ್ಮರಿ, ಔಷಧಿಯ ಪ್ರತಿ ಬಿಲ್ಲು ಇಷ್ಟನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಲ್ಲು ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಇಡಿ.

ಆ ಕಾರಿಗೆ ವಿಮೆ ಇರಲಿಲ್ಲ ಎಂದಾದರೆ ಮಾತ್ರ ದಾರಿ ಕಠಿಣ. ಆಗ ಮಾಲೀಕರ ಮೇಲೆ ಎಷ್ಟು ಹೊರೆ ಹೊರಿಸಬಹುದು ಎಂಬುದೇ ದೊಡ್ಡ ವಾದವಾಗುತ್ತದೆ. ಹಾಗೇನಾದರೂ ಕಂಡುಬಂದರೆ ನನಗೆ ಮತ್ತೆ ಬರೆಯಿರಿ. ನಂಬರೇ ಸಿಗದೆ ಗಾಡಿ ಓಡಿಹೋದ ಕೇಸುಗಳಿಗೆ ಬೇರೆ ವ್ಯವಸ್ಥೆ ಇದೆ, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ನಿಮ್ಮದು ಅದಲ್ಲ. ಯಾರಾದರೂ ಅದನ್ನೇ ತೆಗೆದುಕೊಳ್ಳಿ ಎಂದರೆ ಒಪ್ಪಬೇಡಿ.

ಪ್ರಶ್ನೆ: ಅಕ್ಕನ ಮಗ, 17 ವರ್ಷ. ನಾನು ಮಲಗಿದ್ದಾಗ ಹೇಳದೆ ಕಾರು ತೆಗೆದುಕೊಂಡು ಹೋಗಿ ಸಾಗರದಲ್ಲಿ ನಿಂತಿದ್ದ ಆಟೋಗೆ ಗುದ್ದಿದ್ದಾನೆ. ಯಾರಿಗೂ ಗಾಯ ಇಲ್ಲ. ಕಳುವಾಯಿತು ಎಂದು ದೂರು ಕೊಡಬಹುದಾ?

ಉತ್ತರ: ಕೊಡಬೇಡಿ. ಮನೆಯ ಹುಡುಗ ಮಾವನ ಕಾರು ತಿರುಗಾಡಿಸಲು ಒಯ್ದದ್ದನ್ನು ಕಳ್ಳತನ ಎಂದು ಬರೆಸಿದರೆ ಅವನ ಬಾಳಿಗೆ ಕಲೆ, ನಿಮಗೆ ಸುಳ್ಳು ದೂರಿನ ತೊಂದರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. 199ಎ ಸೆಕ್ಷನ್ ಬಹಳ ಕಟ್ಟುನಿಟ್ಟು. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧ ಆದರೆ ಪೋಷಕರು ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಿಮಗೆ ಗೊತ್ತಿಲ್ಲದೆ ಒಯ್ದ, ನೀವು ತಡೆಯಲು ಬೇಕಾದ ಎಚ್ಚರ ವಹಿಸಿದ್ದಿರಿ ಎಂದು ತೋರಿಸಿದರೆ ನೀವು ಪಾರಾಗಬಹುದು. ಅದನ್ನು ತೋರಿಸಬೇಕಾದವರು ನೀವೇ. ಕೀ ಎಲ್ಲಿತ್ತು, ಮೊದಲು ಅವನಿಗೆ ಓಡಿಸಲು ಕೊಟ್ಟಿದ್ದಿರಾ ಎಂದು ಕೇಳುತ್ತಾರೆ. ಆಟೋದವರಿಗೆ ಕಂಪನಿ ಹಣ ಕಟ್ಟಿದರೂ ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು, ‘ಪೇ ಅಂಡ್ ರಿಕವರಿ’ ಎನ್ನುವುದು ಇದಕ್ಕೇ. ಆಟೋ ನಿಂತರೆ ಆ ಮನೆಯ ಒಲೆ ನಿಲ್ಲುತ್ತದೆ. ರಿಪೇರಿ ಖರ್ಚು ನಿಮ್ಮ ಕೈಲಾದರೆ ಬೇಗ ಕೊಟ್ಟು, ಕೊಟ್ಟಿದ್ದಕ್ಕೆ ಬರೆಸಿಕೊಳ್ಳಿ. ಹುಡುಗನನ್ನು ಕೂರಿಸಿಕೊಂಡು ಹೋಗಿ ಅವರ ಎದುರು ನಿಲ್ಲಿಸಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಬೈಕನ್ನು ಶಿಕಾರಿಪುರದ ಒಬ್ಬರಿಗೆ ಮಾರಿದೆ. ಬಾಂಡ್ ಪೇಪರಿನಲ್ಲಿ ಬರೆದುಕೊಂಡಿದ್ದೇವೆ. ಈಗ ಅವರ ಮನೆಯಿಂದ ಬೈಕ್ ಕಳುವಾಗಿ, ಅದು ಯಾರಿಗೋ ಗುದ್ದಿದೆಯಂತೆ. ಕೋರ್ಟಿನ ನೋಟಿಸ್ ನನಗೆ ಬಂದಿದೆ!

ಉತ್ತರ: ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿದೆ ಎಂದು ಅರ್ಥ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಎಷ್ಟು ಕೈ ಬದಲಾಗಿದ್ದರೂ ಪೆಟ್ಟು ಬಿದ್ದವರು ಆ ಸರಪಳಿ ಹುಡುಕುತ್ತಾ ಹೋಗಬೇಕಿಲ್ಲ. ಬಾಂಡ್ ಪೇಪರು ನಿಮ್ಮಿಬ್ಬರ ನಡುವಿನ ಮಾತು, ಅಷ್ಟೇ. ನೋಟಿಸಿನ ದಿನಾಂಕಕ್ಕೆ ತಪ್ಪದೆ ಹಾಜರಾಗಿ. ನಾನು ಮಾರಿದ್ದೇನಲ್ಲ ಎಂದು ಮನೆಯಲ್ಲಿ ಕೂತರೆ ನೀವಿಲ್ಲದೆಯೇ ಆದೇಶ ಆಗುತ್ತದೆ. ಬೈಕ್ ಕೊಂಡವರನ್ನು ಕಂಡು ಅಪಘಾತದ ದಿನದ ವಿಮೆಯ ಪ್ರತಿ, ಅವರು ಕೊಟ್ಟ ಕಳ್ಳತನದ ದೂರಿನ ಪ್ರತಿ ಎರಡನ್ನೂ ತೆಗೆದುಕೊಳ್ಳಿ. ವಿಮೆ ಇದ್ದರೆ ನಿಮ್ಮ ಮೇಲಿನ ಭಾರ ಇಳಿಯುತ್ತದೆ. ಇಬ್ಬರೂ ಸೇರಿ ಫಾರಂ 29 ಮತ್ತು 30 ತುಂಬಿ ಹೆಸರು ಬದಲಾವಣೆಗೆ ಕೊಡಿ, ಇದು ಆಗಿಹೋದ ಅಪಘಾತಕ್ಕೆ ಉಪಯೋಗಕ್ಕೆ ಬಾರದಿದ್ದರೂ ಸರಿ. ಮಾರಿದ 14 ದಿನದೊಳಗೆ ನೀವೇ ಆರ್‌ಟಿಒಗೆ ತಿಳಿಸಬೇಕಿತ್ತು. ಬೇರೆ ಹಳೆಯ ಗಾಡಿ ಯಾವುದನ್ನಾದರೂ ಹೀಗೇ ಕೊಟ್ಟಿದ್ದರೆ, ಇವತ್ತು ರಾತ್ರಿ ಕೂತು ಅದರ ನಂಬರನ್ನೂ ಆ್ಯಪಿನಲ್ಲಿ ಹೊಡೆದು ಯಾರ ಹೆಸರಿದೆ ನೋಡಿ.